ಚಕ್ರದ ಹತ್ತಿರ ನಿಂತವನನ್ನು ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ವಾಯುಪಡೆ ದಿನದ ನಿಮ್ಮ ವಿಶೇಷ ಪುಟ ಓದಿದೆ. ವಾಯುಪಡೆ ಹುಟ್ಟಿದ 1932ರ ಅಕ್ಟೋಬರ್ 8ರಿಂದ ಶುರು ಮಾಡಿ ಚೆನ್ನಾಗಿಯೇ ಬರೆದಿದ್ದೀರಿ. ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥ ಸುಬ್ರೊತೊ ಮುಖರ್ಜಿಯವರ ಫೋಟೊ ಇದೆ, ಮೊದಲ ಪೈಲಟ್‌ಗಳ ಹೆಸರುಗಳಿವೆ. ಆದರೆ ಪುಟವನ್ನು ಎರಡು ಸಲ ತಿರುವಿದರೂ ನಮ್ಮ ಜಾತಿಯವನು ಒಬ್ಬನೂ ಸಿಗಲಿಲ್ಲ. ತಪ್ಪು ತಿಳಿಯಬೇಡಿ, ನಾನು ಹೇಳಿದ್ದು ಕೈಗೆ ಗ್ರೀಸ್ ಮೆತ್ತಿಕೊಂಡವರ ಜಾತಿ. ಹದಿನೈದು ವರ್ಷ ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವನು ನಾನು. ಈಗ ಚಳ್ಳಕೆರೆ ಹತ್ತಿರ ಶೇಂಗಾ ಹೊಲ ನೋಡಿಕೊಂಡಿದ್ದೇನೆ.

1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ಮೊದಲ ಸ್ಕ್ವಾಡ್ರನ್ ಶುರುವಾದಾಗ ಇದ್ದದ್ದು ನಾಲ್ಕೇ ವಾಪಿಟಿ ವಿಮಾನ, ಬೆರಳೆಣಿಕೆಯ ಅಧಿಕಾರಿಗಳು. ಕೆಳಗೆ ಕೆಲಸ ಮಾಡುವವರೇ ಅವರಿಗಿಂತ ಜಾಸ್ತಿ. ಅವರನ್ನು 'ಹವಾಯಿ ಸಿಪಾಯಿ' ಅನ್ನುತ್ತಿದ್ದರು. ಹವಾ ಹೆಸರಿನಲ್ಲಷ್ಟೇ, ಕಾಲು ಯಾವಾಗಲೂ ನೆಲದ ಮೇಲೆ. ಹರ್ಜಿಂದರ್ ಸಿಂಗ್ ಲಾಹೋರಿನಲ್ಲಿ ಎಂಜಿನಿಯರಿಂಗ್ ಓದಿಯೂ ಹೀಗೆ ಸಿಪಾಯಿಯಾಗಿ ಸೇರಿದವರು. 1942ರಲ್ಲಿ ಬರ್ಮಾದಲ್ಲಿ ಈ ಸ್ಕ್ವಾಡ್ರನ್‌ನ ಲೈಸಾಂಡರ್ ವಿಮಾನಗಳು ಬಾಂಬು ಹೊತ್ತು ಜಪಾನಿಯರ ಮೇಲೆ ಹೋದವು. ಲೈಸಾಂಡರ್ ಬಾಂಬು ಹಾಕಲು ಮಾಡಿದ ವಿಮಾನ ಅಲ್ಲ. ಅದಕ್ಕೆ ಬಾಂಬು ಕಟ್ಟಿ ಕಳಿಸುವುದು ಕೆಳಗಿನವರ ತಲೆನೋವು. ಹರ್ಜಿಂದರ್ ಮುಂದೆ ಏರ್ ವೈಸ್ ಮಾರ್ಷಲ್ ಆದರು, ಕಾನ್ಪುರದಲ್ಲಿ ವಿಮಾನವನ್ನೇ ಕಟ್ಟಿಸಿದರು.

ಇನ್ನೂ ಹಿಂದಿನದು ಕೇಳಿ. ನಮ್ಮ ಕಡೆ ಶೇಂಗಾ ಹೊಲದ ಅಕ್ಕಡಿ ಸಾಲಿನಲ್ಲಿ ಹರಳು ಹಾಕುತ್ತೇವಲ್ಲ, ಮೊದಲನೇ ಮಹಾಯುದ್ಧದ ಎಷ್ಟೋ ವಿಮಾನಗಳು ಹಾರಿದ್ದು ಅದರ ಎಣ್ಣೆಯಿಂದ. ಆಗಿನ ರೋಟರಿ ಎಂಜಿನ್ ವಿಚಿತ್ರ. ಕ್ರ್ಯಾಂಕ್ ಶಾಫ್ಟ್ ಅಲ್ಲಾಡುವುದಿಲ್ಲ, ಸಿಲಿಂಡರ್‌ಗಳೇ ಪ್ರೊಪೆಲ್ಲರ್ ಜೊತೆ ಗಿರಗಿರ ತಿರುಗುತ್ತವೆ. ಒಳಗಿನ ಭಾಗಗಳು ಸವೆಯದೆ ಜಾರಲು ಪೆಟ್ರೋಲಿನಲ್ಲಿ ಕರಗದ ಎಣ್ಣೆ ಬೇಕು, ಹಾಗಾಗಿ ಹರಳೆಣ್ಣೆ. ಒಮ್ಮೆ ಒಳಗೆ ಹೋದದ್ದು ಮತ್ತೆ ಟ್ಯಾಂಕಿಗೆ ಬರುವುದಿಲ್ಲ, ಹೊಗೆಯ ಜೊತೆ ಆಚೆ ಬಂದು ಪೈಲಟ್ ಮುಖಕ್ಕೇ ಎರಚುತ್ತದೆ. ಹೊಟ್ಟೆ ಕಟ್ಟಿದರೆ ನಮ್ಮಜ್ಜಿ ಕುಡಿಸುತ್ತಿದ್ದ ಎಣ್ಣೆ ಅದು. ಗಂಟೆಗಟ್ಟಲೆ ಅದರ ಆವಿ ಕುಡಿದವರ ಪಾಡು ನೀವೇ ಊಹಿಸಿ! ಪೇಟದ ಮೇಲೆ ಬೇರೆಯೇ ಹೆಲ್ಮೆಟ್ ಹಾಕಿಕೊಂಡು ಆ ಯುದ್ಧದಲ್ಲಿ ಹಾರಿದ ಭಾರತೀಯ ಪೈಲಟ್ ಹರ್ದಿತ್ ಸಿಂಗ್ ಮಲಿಕ್ ಅವರ ಸಾಪ್‌ವಿತ್ ಕ್ಯಾಮೆಲ್ ವಿಮಾನಕ್ಕೂ ಇಂಥದ್ದೇ ಎಂಜಿನ್.

ವಿಮಾನ ಇಳಿದ ಮೇಲೆ ರೆಕ್ಕೆಯ ಬಟ್ಟೆಗೆ ಅಂಟಿದ ಆ ಜಿಡ್ಡನ್ನು ಉಜ್ಜುವವರು ಯಾರು? ಎಂಜಿನ್‌ಗೆ ಫಿಟ್ಟರ್, ರೆಕ್ಕೆ, ಬಟ್ಟೆ, ತಂತಿಗಳಿಗೆ ರಿಗ್ಗರ್. ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುವುದೂ ಅವರೇ. 'ಸ್ವಿಚ್ ಆಫ್' ಅಂತ ಕೂಗಿ ನಿಧಾನ ತಿರುಗಿಸಬೇಕು, 'ಕಾಂಟ್ಯಾಕ್ಟ್' ಅಂದ ಮೇಲೆ ಜೋರಾಗಿ ಎಳೆದು ತಕ್ಷಣ ಹಿಂದೆ ಸರಿಯಬೇಕು. ಎಂಜಿನ್ ಒದ್ದರೆ ಕೈ ಹೋಯಿತು ಅಂತಲೇ ಲೆಕ್ಕ. ಇದಕ್ಕೆ ಮೆಡಲ್ ಎಲ್ಲಿ?

ನಮ್ಮ ಕಾಲಕ್ಕೆ ಅಷ್ಟು ಕಷ್ಟ ಇರಲಿಲ್ಲ. ಇದ್ದದ್ದು ಫಾರ್ಮ್ 700ರ ಭಯ. ವಿಮಾನ ಸರಿಯಿದೆ ಅಂತ ನಾವು ಅದರಲ್ಲಿ ಸಹಿ ಹಾಕಬೇಕು, ಆಮೇಲೆ ಪೈಲಟ್ ಸಹಿ ಹಾಕಿ ಹತ್ತಬೇಕು. ಒಂದು ಸಂಜೆ ಟೂಲ್ ಎಣಿಸುವಾಗ ನನ್ನ ಒಂದು ಸ್ಕ್ರೂಡ್ರೈವರ್ ಕಡಿಮೆ ಬಂತು. ಅದು ಸಿಗುವವರೆಗೂ ಆ ವಿಮಾನ ಹಾರುವ ಹಾಗಿಲ್ಲ. ಟಾರ್ಚ್ ಹಿಡಿದು ರಾತ್ರಿ ಹನ್ನೊಂದರವರೆಗೆ ಪ್ಯಾನೆಲ್‌ಗಳನ್ನೆಲ್ಲ ಬಿಚ್ಚಿದೆವು. ಕೊನೆಗೆ ಸಿಕ್ಕಿದ್ದು ಕೆಲಸಕ್ಕೆ ಹಾಕುವ ನನ್ನದೇ ಡಾಂಗರಿ ಬಟ್ಟೆಯ ಹರಿದ ಜೇಬಿನ ಒಳಪದರದಲ್ಲಿ! ಸಾರ್ಜೆಂಟ್ ಬೈಯಲಿಲ್ಲ, ಸುಮ್ನೆ ಒಂದು ಲೋಟ ಟೀ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು. ಮರುದಿನ ಬೆಳಿಗ್ಗೆ ಇನ್ನೂ ಮೀಸೆ ಚಿಗುರದ ಒಬ್ಬ ಟ್ರೈನಿ ಪೈಲಟ್ ನನ್ನ ಸಹಿಯ ಪಕ್ಕ ತನ್ನ ಸಹಿ ಹಾಕಿ ಅದೇ ವಿಮಾನ ಹತ್ತಿದ. ಅವನು ವಾಪಸ್ ಇಳಿಯುವವರೆಗೂ ನನಗೆ ತಿಂಡಿ ಸೇರಲಿಲ್ಲ.

ಈಗ ನಮ್ಮ ತಾಲ್ಲೂಕಿನಲ್ಲೇ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ನೆಲೆ ಇದೆ. ಪೈಲಟ್ಟೇ ಇಲ್ಲದ ವಿಮಾನ ಹಾರಿಸುತ್ತಾರೆ. ಮೊಮ್ಮಗ ಆಕಾಶ ನೋಡುತ್ತಾ, 'ತಾತ, ನೀನು ವಿಮಾನ ಓಡಿಸ್ತಿದ್ದಾ?' ಅಂದ. 'ಇಲ್ಲಪ್ಪ, ರಿಪೇರಿ ಮಾಡ್ತಿದ್ದೆ' ಅಂದೆ. 'ಅಷ್ಟೇನಾ?' ಅಂದುಬಿಟ್ಟ. ಅವನದೇನು ತಪ್ಪು, ಅವನು ನೋಡುವ ಪೇಪರಿನಲ್ಲೂ ಅಷ್ಟೇ ಇದೆ ಅಲ್ವಾ?

ಮುಂದಿನ ವರ್ಷಕ್ಕೆ ಒಂದೇ ಕೋರಿಕೆ. ಹಳೆಯ ಫೋಟೊಗಳಲ್ಲಿ ಪೈಲಟ್ ಕಾಕ್‌ಪಿಟ್‌ನಲ್ಲಿ ಕೂತಿರುತ್ತಾನೆ, ಕೆಳಗೆ ಚಕ್ರಕ್ಕೆ ಕೊಟ್ಟ ಅಡ್ಡಗಟ್ಟೆಯ ಹಗ್ಗ ಹಿಡಿದು ಒಬ್ಬ ನಿಂತಿರುತ್ತಾನೆ. ಪುಟದಲ್ಲಿ ಜಾಗ ಸಾಲದಿದ್ದರೆ ಮೇಲಿನ ಆಕಾಶವನ್ನು ಸ್ವಲ್ಪ ಕತ್ತರಿಸಿಕೊಳ್ಳಿ.

— ನಿವೃತ್ತ ಏರ್‌ಮನ್,
ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ