ಮಳೆ ಹಿಡಿಯುವ ಮೊದಲು ನಮ್ಮ ಇಗರ್ಜಿಯ ಮಾಡು ದುರಸ್ತಿ ಆಗಲೇಬೇಕು

ಊರಿನವರೇ, ಮುಂಬೈ, ಬೆಂಗಳೂರು, ಗಲ್ಫ್‌ನಲ್ಲಿರುವ ನಮ್ಮವರೇ,

ಕಳೆದ ಆಟಿ ತಿಂಗಳ ಮಳೆಗೆ ಇಗರ್ಜಿಯ (ಚರ್ಚಿನ) ಮಾಡು, ಅಂದರೆ ಛಾವಣಿ, ಸರಿಯಾಗಿ ಅಲ್ತಾರಿನ (ಪೂಜಾಪೀಠದ) ಮೇಲ್ಗಡೆಯೇ ಸೋರಿತು. ಮಾಡು ಹೊರುವ ಮರದ ಪಕ್ಕಾಸಿಗೆ ಗೆದ್ದಲು ಹಿಡಿದಿದೆ, ಹಂಚು ಕೂರುವ ರೀಪು ಪಟ್ಟಿ ಮುರಿದು ಹಂಚು ಜಾರಿದೆ. ಸದ್ಯ ಟಾರ್ಪಲ್ ಹೊದಿಸಿದ್ದೇವೆ, ಅದು ಇನ್ನೊಂದು ಮಳೆಗಾಲ ತಡೆಯುವುದಿಲ್ಲ. ಈಸ್ಟರ್ ಮುಗಿದ ಕೂಡಲೇ ಹಂಚು ಇಳಿಸಿದರೆ ಮಾತ್ರ ಜೂನ್‌ಗೆ ಮೊದಲು ಕೆಲಸ ಮುಗಿಯುತ್ತದೆ.

ಒಳಗೆ ಬಂದು ನೋಡಿದರೆ ಹೊಟ್ಟೆ ಉರಿಯುತ್ತದೆ. ಮಾಡಿನ ಕೆಳಗಿನ ಮುಚ್ಚಿಗೆಯ ನೀಲಿ ಹಲಗೆಗಳ ಮೇಲೆ ನೀರಿಳಿದ ಕಂದು ಗೆರೆಗಳು. ಎಡಗಡೆಯ ಚಿತ್ರದಲ್ಲಿ ದೇವದೂತನ ಕೆನ್ನೆಯ ಬಣ್ಣ ಗುಳ್ಳೆ ಎದ್ದಿದೆ, ಬೆರಳು ತಾಗಿದರೆ ಪುಡಿಯಾಗಿ ಉದುರುತ್ತದೆ. ಅಲ್ತಾರಿನ ಕೆತ್ತನೆ ನಿಮಗೆಲ್ಲ ನೆನಪಿದೆ ಅಲ್ವಾ? ಕಂಬ ಸುತ್ತಿ ದ್ರಾಕ್ಷಿ ಬಳ್ಳಿ, ಗೋಧಿ ತೆನೆ, ಮೇಲೆ ಎದೆ ಕುಕ್ಕಿ ಮರಿಗಳಿಗೆ ರಕ್ತ ಉಣಿಸುವ ಪೆಲಿಕನ್ ಹಕ್ಕಿ. ಆ ಬಡಗಿ ದ್ರಾಕ್ಷಿ ತೋಟ ಕಂಡಿದ್ದನೋ ಇಲ್ಲವೋ, ಬಳ್ಳಿಯ ತುದಿಯಲ್ಲಿ ಮಾತ್ರ ನಮ್ಮ ಅಡಿಕೆಯ ಹೂಗೊಂಚಲು ಹಿಂಗಾರವನ್ನೇ ಕೆತ್ತಿಟ್ಟಿದ್ದಾನೆ. ಇಂಥದ್ದು ಬೇರೆ ಎಲ್ಲಿ ಸಿಗುತ್ತದೆ ಹೇಳಿ.

ನಮ್ಮ ಹಿರಿಯರ ಕಥೆ ಗೊತ್ತೇ ಇದೆ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಇಲ್ಲಿನ ಇಗರ್ಜಿಗಳನ್ನು ಕೆಡವಿದರು. 1799ರಲ್ಲಿ ಬದುಕಿ ಉಳಿದು ಮರಳಿದವರು ಮೊದಲು ಮುಳಿಹುಲ್ಲಿನ ಮಾಡು ಹಾಕಿ ಬಲಿಪೂಜೆ ನಡೆಸಿದರು. ಆಮೇಲೆ ಕೆಂಪು ಮುರಕಲ್ಲಿನ ಗೋಡೆ, ಚಿಪ್ಪು ಸುಟ್ಟ ಸುಣ್ಣದ ಗಾರೆ. 1865ರಲ್ಲಿ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಗೆಲ್ಲ ಹಂಚು ಬಂತು, ನಮ್ಮ ಮಾಡಿಗೂ ಬಂತು. ಪ್ರೊಟೆಸ್ಟೆಂಟರ ಹಂಚು ಕ್ಯಾಥೊಲಿಕರ ಇಗರ್ಜಿಯನ್ನು ಇಷ್ಟು ವರ್ಷ ಕಾಯಿತು, ನೋಡಿ! ಶಾಲೆ ಕಟ್ಟಿದ್ದೂ ಇದೇ ಅಂಗಳದಲ್ಲಿ, ಎಲ್ಲ ಜಾತಿಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ಕಲಿತರು. ಇದನ್ನು ಓದುತ್ತಿರುವ ಎಷ್ಟೋ ಜನ ಅಲ್ಲೇ ಅ, ಆ ತಿದ್ದಿದವರು.

ಶೀಟ್ ಹಾಕಿ, ಗೋಡೆಗೆ ಸಿಮೆಂಟ್ ಬಳಿದು ಸುಮ್ನೆ ಮುಗಿಸಿಬಿಡಿ ಅಂತ ಕೆಲವರು ಹೇಳುತ್ತಾರೆ. ಆಗುವುದಿಲ್ಲ. ಮುರಕಲ್ಲು ತೇವ ಹೀರುತ್ತದೆ, ಗಾರೆ ಅದನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಬಳಿದರೆ ತೇವ ಒಳಗೇ ನಿಂತು ಉಪ್ಪು ಏಳುತ್ತದೆ, ಚಿತ್ರದ ಬಣ್ಣ ಅದರ ಜೊತೆ ಉದುರುತ್ತದೆ. ಗಾರೆ ಅರೆದು ಹಾಕಲು ಬರುವ ಮೇಸ್ತ್ರಿಗಳು ಈಗ ಕಡಿಮೆ, ಕೂಲಿ ಜಾಸ್ತಿ. ಮಂಗಳೂರಿನ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಚಿತ್ರಕಾರ ಬ್ರದರ್ ಮೊಸ್ಕೇನಿಯವರ ಚಿತ್ರಗಳನ್ನು ತಿಳಿದವರ ಕೈಯಿಂದಲೇ ಸರಿಪಡಿಸಿ ಉಳಿಸಿಕೊಂಡರು, ಇವತ್ತಿಗೂ ದೂರದೂರದಿಂದ ಜನ ಬಂದು ನೋಡುತ್ತಾರೆ. ನಮ್ಮ ದೇವದೂತರಿಗೂ ಅಂಥ ಕೈಯೇ ಬೇಕು.

ಮಾಡು, ಮುಚ್ಚಿಗೆಗೆ ಸುಮಾರು 15 ಲಕ್ಷ, ಗಾರೆ ಮತ್ತು ಅಲ್ತಾರಿಗೆ ಇನ್ನೊಂದು 5–6 ಲಕ್ಷ ಆಗಬಹುದು. ಊರಲ್ಲಿ 7 ಲಕ್ಷದಷ್ಟು ಕೂಡಿದೆ. ಅದರಲ್ಲಿ ಬೀಡಿ ಕಟ್ಟುವ ಅಮ್ಮಂದಿರ ಐವತ್ತು, ನೂರು ರೂಪಾಯಿಗಳಿವೆ, ಬೆಳಗಿನ ಜಾವ ಎದ್ದು ಕೊಯ್ದ ಮಲ್ಲಿಗೆಯ ದುಡ್ಡಿದೆ. ಕಳೆದ ಮಳೆಗಾಲವಿಡೀ ಒಳಗೆ ಕೊಡೆ ಬಿಡಿಸಿಕೊಂಡು ಬಲಿಪೂಜೆಗೆ ಕೂತವರೂ ಇವರೇ. ಇನ್ನೂ ಕೊಡಿ ಅಂತ ಇವರನ್ನು ಕೇಳಲು ನಮಗೆ ಬಾಯಿ ಬರುವುದಿಲ್ಲ. ಹಾಗಾಗಿ ದೂರದಲ್ಲಿರುವ ನಿಮ್ಮನ್ನು ಕೇಳುತ್ತಿದ್ದೇವೆ.

ಒಂದು ಸಾಲು ಹಂಚಿಗೆ, ಒಂದು ಪಕ್ಕಾಸಿಗೆ ಅಂತಲೂ ಕೊಡಬಹುದು. ಹಣವನ್ನು ಇಗರ್ಜಿ ಕಚೇರಿಯಲ್ಲಿ ಅಥವಾ ನಿಮ್ಮ ವಾಡೆಯ (ಇಗರ್ಜಿ ವಾರ್ಡಿನ) ಮುಖಂಡರಾದ ಗುರಿಕಾರರ ಹತ್ತಿರ ಕೊಟ್ಟು ರಸೀದಿ ಕೇಳಿ ತೆಗೆದುಕೊಳ್ಳಿ. ಮರದ ಮುಂಗಡವನ್ನು ಈ ತಿಂಗಳೊಳಗೆ ಕಟ್ಟಬೇಕು, ದಯವಿಟ್ಟು ತಡ ಮಾಡಬೇಡಿ.

ಇಗರ್ಜಿ ಜೀರ್ಣೋದ್ಧಾರ ಸಮಿತಿಯ ಪರವಾಗಿ