ಫೇಲಾದ ಬೋರ್‌ವೆಲ್‌ಗಳ ಲೆಕ್ಕ ಮೊದ್ಲು ಬರೀರಿ

ಮಾನ್ಯ ಸಂಪಾದಕರೇ,

ಭೂಮಿ ಬಿಸಿ ಮಾಡೋ ಕಾರ್ಬನ್ ಡೈಆಕ್ಸೈಡ್‌ನ ಕಾರ್ಖಾನೆ ಹೊಗೆಯಿಂದ ಹಿಡಿದು ನೆಲದಾಳಕ್ಕೆ ಇಳಿಸ್ಬೇಕು ಅಂತ ಈಗ ಎಲ್ಲಾ ಕಡೆ ಮಾತು ನಡೀತಿದೆ, ಆದ್ರೆ ಅದೇ ನೆಲಕ್ಕೆ ನಾವು ಕೊರೆದು ಕೈಬಿಟ್ಟಿರೋ ತೂತುಗಳ ಬಗ್ಗೆ ಯಾರೂ ಸೊಲ್ಲೆತ್ತಲ್ಲ. ಕೆನಡಾದ ಮೆಕ್‌ಗಿಲ್ ಯೂನಿವರ್ಸಿಟಿ ಪ್ರೊಫೆಸರ್ ಮೇರಿ ಕಾಂಗ್ ಮಾಡಿರೋ ಕೆಲಸ ನಮ್ಮವ್ರು ನೋಡ್ಲೇಬೇಕು. ಪ್ರಿನ್ಸ್‌ಟನ್‌ನಲ್ಲಿ ಪಿಎಚ್‌ಡಿ ಮಾಡ್ತಿದ್ದಾಗ ಅವ್ರು ಪೆನ್ಸಿಲ್ವೇನಿಯಾದ ಹಾಳುಬಿದ್ದ ತೈಲ, ಗ್ಯಾಸ್ ಬಾವಿಗಳ ಹತ್ರ ಹೋಗಿ, ಬಾಯಿ ಮೇಲೆ ಚೇಂಬರ್ ಮುಚ್ಚಿ, ಒಳಗೆ ಮೀಥೇನ್ (ಇದೂ ಭೂಮಿ ಬಿಸಿ ಮಾಡೋ ಗ್ಯಾಸೇ) ಎಷ್ಟು ಏರುತ್ತೆ ಅಂತ ಅಳೆದ್ರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇದ್ದಿದ್ದು 19 ಬಾವಿ ಅಷ್ಟೇ, ಆದ್ರೆ ಸೀಲ್ ಮಾಡಿದ್ದ ಬಾವಿಗಳೂ ಸೋರ್ತಿದ್ವು, ಅಮೆರಿಕ ಸರ್ಕಾರದ ಹಸಿರುಮನೆ ಅನಿಲಗಳ ಲೆಕ್ಕದಲ್ಲಿ ಈ ಮೀಥೇನ್ ಆವಾಗ ಸೇರೇ ಇರ್ಲಿಲ್ಲ. ಆಳದಲ್ಲಿ ಏನೇ ತುಂಬಿದ್ರೂ ಬಿರುಕು ಬಿಟ್ಟ ಸಿಮೆಂಟು, ತುಕ್ಕು ಹಿಡಿದ ಕೇಸಿಂಗ್ (ಬಾವಿ ಗೋಡೆಗೆ ಆಸರೆಯಾಗಿ ಇಳಿಸೋ ಪೈಪ್) ಸಿಕ್ಕಿದ ಕಡೆ ಮೇಲೆ ಬರ್ಬಹುದು, ನಡುವೆ ಸಿಹಿನೀರಿನ ಪದರ ಇದ್ರೆ ಅದೂ ಕೆಡ್ಬಹುದು.

ನಮ್ಮ ವಿಜಯಪುರ ಜಿಲ್ಲೇಲಿ ಹೆಚ್ಚಿನ ಕಡೆ ಕಾಲ ಕೆಳಗಿರೋದು ಬಸಾಲ್ಟ್ ಅನ್ನೋ, ಲಾವಾ ಆರಿ ಆದ ಕಪ್ಪು ಕಲ್ಲು, ಮೇಲೆ ಕೂಡಗಿಯ 2400 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ. ಐಸ್‌ಲ್ಯಾಂಡ್‌ನಲ್ಲಿ 2012ರಲ್ಲಿ ಬಸಾಲ್ಟ್ ಒಳಗೆ ಇಳಿಸಿದ ಕಾರ್ಬನ್ ಡೈಆಕ್ಸೈಡಲ್ಲಿ ಶೇ 95ಕ್ಕಿಂತ ಹೆಚ್ಚು ಎರಡೇ ವರ್ಷದಲ್ಲಿ ಕಲ್ಲಾಯ್ತು, ಹಾಗಾಗಿ ಇಲ್ಲೂ ಮಾಡೋಣ ಅಂತ ನಾಳೆ ಯಾರಾದ್ರೂ ಬಂದ್ರೆ ಆಶ್ಚರ್ಯ ಇಲ್ಲ. ಬರ್ಲಿ, ನಾನು ಬೇಡ ಅನ್ನಲ್ಲ. ಆದ್ರೆ ಅಲ್ಲಿ ಗ್ಯಾಸನ್ನ ನೀರಲ್ಲಿ ಕರಗಿಸಿ ಇಳಿಸಿದ್ರು, ಒಂದು ಟನ್ ಕರಗಿಸೋಕೆ ಸುಮಾರು 25 ಟನ್ ನೀರು ಬೇಕಾಯ್ತು, ಬೇಸಿಗೇಲಿ ಟ್ಯಾಂಕರ್ ಕಾಯೋ ನಮ್ಮ ಹಳ್ಳಿಗಳ ಮುಂದೆ ಈ ಮಾತು ಮೊದ್ಲೇ ಹೇಳ್ಬೇಕು.

ಇನ್ನು ಬೋರ್‌ವೆಲ್. ನೀರು ಬೀಳ್ಲಿಲ್ಲ ಅಂದ್ರೆ ಕೇಸಿಂಗ್ ಪೈಪ್ ಕಿತ್ಕೊಂಡು, ಬಾಯಿಗೆ ಗೋಣಿಚೀಲ ತುರುಕಿ, ಮೇಲೊಂದು ಕಲ್ಲಿಟ್ಟು ಪಕ್ಕದಲ್ಲೇ ಇನ್ನೊಂದು ಕೊರೆಸೋದು ನಮ್ಮ ಹೊಲಗಳಲ್ಲಿ ಮಾಮೂಲು. ಗ್ಯಾಸ್ ಇಳಿಸೋದು ಇನ್ನೂ ಆಳಕ್ಕೆ ಅಂತ ಸಮಾಧಾನ ಹೇಳೋರಿದಾರೆ, ಆದ್ರೆ ನಮ್ಮ ತೂತುಗಳೂ ವರ್ಷದಿಂದ ವರ್ಷಕ್ಕೆ ಕೆಳಗಿಳೀತಿವೆಯಲ್ಲ. ಬಾವಿ ನೋಂದಣಿಗೆ 2011ರ ಅಂತರ್ಜಲ ಕಾಯ್ದೆ ಇದೆ, ಫೇಲಾದದ್ದನ್ನ ಯಾರು ಬರೆಸ್ತಾರೆ? ನಮ್ಮ ಸಿವಿಲ್, ಎನ್ವಿರಾನ್ಮೆಂಟಲ್ ಎಂಜಿನಿಯರಿಂಗ್ ಕಾಲೇಜುಗಳು ಪ್ರಾಜೆಕ್ಟ್ ಹೆಸ್ರಲ್ಲಿ ಅದೇ ಹಳೇ ಮಾಡೆಲ್ ತಿರುಗಿಸೋ ಬದ್ಲು ಹುಡುಗ್ರನ್ನ ಹೊಲಕ್ಕೆ ಕಳಿಸ್ಲಿ, ಪ್ರತಿ ಬಾವಿಯ ಜಾಗ, ಆಳ, ಕೇಸಿಂಗ್ ಇದ್ಯಾ ಇಲ್ವಾ ಅಂತ ಬರೆಸ್ಲಿ, ಆ ಪಟ್ಟಿ ಗ್ರಾಮ ಪಂಚಾಯ್ತಿ ಗೋಡೆ ಮೇಲೆ ಹಾಕ್ಲಿ.

– ಓದುಗ, ಬಸವನಬಾಗೇವಾಡಿ