ವಿಡಿಯೊಗಾಗಿ ಕಾಲೂರಬೇಡ, ಮಗಾ

ಡೊಂಬಿವಲಿ
ಭಾನುವಾರ

ಚಿ. ಮಗಳಿಗೆ ದೊಡ್ಡಮ್ಮನ ಅನೇಕ ಆಶೀರ್ವಾದಗಳು.

ನಿನ್ನೆ ರಾತ್ರಿ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನೀನು ಹಾಕಿದ ವಿಡಿಯೊ ನೋಡಿದೆ. ಮುರಿದ ಕಾಲಿಗೆ ಆಸ್ಪತ್ರೆಯಲ್ಲಿ ಹಾಕಿದ ಬೂಟು ಬಿಚ್ಚಿಟ್ಟು, ಊರುಗೋಲುಗಳನ್ನು ಗೋಡೆಗೆ ಒರಗಿಸಿ, ಮೂರು ಹೆಜ್ಜೆ ನಡೆದು ಕೈ ಬೀಸಿದ್ದೀಯ. ಕೆಳಗೆಲ್ಲ ಚಪ್ಪಾಳೆಯ ಸಾಲು. ನಿನ್ನ ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳಂತೆ. ನಾನೊಬ್ಬಳು ಏನೂ ಹಾಕಲಿಲ್ಲ. ಎಲುಬಿನ ವಾರ್ಡಿನಲ್ಲಿ ಸಿಸ್ಟರ್ ಆಗಿ ಆಯುಷ್ಯ ಕಳೆದವಳ ಕಣ್ಣು ಮುಖಕ್ಕಿಂತ ಮೊದಲು ಕಾಲಿಗೆ ಹೋಗುತ್ತದೆ. ನಿನ್ನ ಹಿಮ್ಮಡಿ ನೆಲಕ್ಕೆ ಸರಿಯಾಗಿ ತಾಗಿರಲಿಲ್ಲ. ಬೆರಳುಗಳು ಬಾತು ಕೆನ್ನೀಲಿಯಾಗಿದ್ದವು. ಮೂರನೇ ಹೆಜ್ಜೆಗೆ ನಗು ಹಾಗೇ ಇತ್ತು, ಆದರೆ ತುಟಿ ಬಿಗಿದುಕೊಂಡಿದ್ದೆ. ಆರು ವಾರ ಕಾಲೂರಲೇ ಬೇಡ ಎಂದು ಡಾಕ್ಟರು ಹೇಳಿದ್ದರು, ನಿನ್ನೆಗೆ ಐದೂ ತುಂಬಿರಲಿಲ್ಲ. ಎಲ್ಲರೆದುರು ಗುಂಪಿನಲ್ಲಿ ಹೇಳುವ ಮಾತಲ್ಲವೆಂದು ಕಾಗದ ಬರೆಯಲು ಕೂತೆ. ಬರೆದು ಮುಗಿಸಿ ಫೋಟೊ ತೆಗೆದು ನಿನಗೊಬ್ಬಳಿಗೇ ಕಳಿಸುತ್ತೇನೆ.

ಮೊದಲ ಕೆಲಸ ಇದು. ನಾಳೆ ಬೆಳಿಗ್ಗೆ ನಿನ್ನ ಸರ್ಜನ್ನರ ಕ್ಲಿನಿಕ್ಕಿಗೆ ಫೋನ್ ಮಾಡಿ, ಬೂಟಿಲ್ಲದೆ ಪೂರ್ತಿ ಭಾರ ಹಾಕಿ ಮೂರು ಹೆಜ್ಜೆ ನಡೆದೆ ಎಂದು ಇದ್ದದ್ದು ಇದ್ದ ಹಾಗೆ ಹೇಳು. ಅಷ್ಟಕ್ಕೇ ಏನೋ ಆಗಿಬಿಟ್ಟಿದೆ ಎಂದು ಹೆದರಬೇಡ. ಆದರೆ ಏನೂ ಆಗಿಲ್ಲ ಎಂದು ಹೇಳಬೇಕಾದವರು ಅವರು. ನೀನೂ ಅಲ್ಲ, ನಾನೂ ಅಲ್ಲ. ಎಕ್ಸ್‌ರೇ ತೆಗೆಯೋಣ ಬಾ ಎಂದರೆ ಹೋಗು.

ನೀನು ಯಾಕೆ ಹಾಗೆ ಮಾಡಿದೆ ಎಂಬುದು ನನಗೆ ಅರ್ಥವಾಗುತ್ತದೆ. ಪುಣೆ ಹತ್ತಿರದ ಸಿಂಹಗಡ ಕೋಟೆ ಇಳಿಯುವಾಗ ಮಳೆಯ ಕೆಸರಿನಲ್ಲಿ ಜಾರಿ ಬಿದ್ದ ದಿನದಿಂದ ಬೆಳಿಗ್ಗೆ ಎದ್ದರೆ ಅಮ್ಮ, ಮಧ್ಯಾಹ್ನ ಅತ್ತೆ, ಸಂಜೆ ಮಾವ, ಎಲ್ಲರದ್ದೂ ಒಂದೇ ಪ್ರಶ್ನೆ: ಈಗ ಹೇಗಿದೆ? ನಿನ್ನೆಯ ಹಾಗೇ ಇದೆ ಎಂದು ದಿನವೂ ಬರೆಯಲು ನಿನಗೆ ಸಂಕೋಚ. ಉಡುಪಿಯಲ್ಲಿ ಕೂತ ಅಮ್ಮ ಊಟ ಬಿಟ್ಟಾಳೆಂಬ ಹೆದರಿಕೆ ಬೇರೆ. ಹಾಗಾಗಿ ಸುದ್ದಿ ಇಲ್ಲದ ದಿನ ಒಂದು ಸುದ್ದಿ ಹುಟ್ಟಿಸಿದೆ. ಆದರೆ ಮಗಾ, ಎಲುಬು ಕೂಡುವ ಕೆಲಸದಲ್ಲಿ ಹೆಚ್ಚಿನ ದಿನಗಳು ಸುದ್ದಿಯಿಲ್ಲದ ದಿನಗಳೇ. ನಿನ್ನೆಯ ಹಾಗೇ ಇದೆ ಎಂದರೆ ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದೇ ಲೆಕ್ಕ. ಅಮ್ಮನಿಗೆ ಅದನ್ನು ಅರ್ಥ ಮಾಡಿಸುವುದು ನನ್ನ ಕೆಲಸ, ನನಗೆ ಬಿಡು.

ಡಾಕ್ಟರು ಹೇಳಿಯೇ ಇರುತ್ತಾರೆ, ಆದರೂ ನನ್ನ ಬಾಯಿಂದ ಒಮ್ಮೆ ಕೇಳು. ನಿನಗೆ ಮುರಿದದ್ದು ಹರಡು, ಅಂದರೆ ಪಾದದ ಗಂಟು, ಮೂರು ಎಲುಬು ಸೇರುವ ಕೀಲು. ಮೊಣಕಾಲ ಕೆಳಗಿನ ದಪ್ಪ ಎಲುಬು ಒಳಬದಿಯಿಂದ, ಪಕ್ಕದ ತೆಳು ಎಲುಬು ಹೊರಬದಿಯಿಂದ ಇಳಿದು ಬಂದು, ಪಾದದ ಮೇಲಿರುವ ತಾಲಸ್ ಎಂಬ ಎಲುಬನ್ನು ಎರಡೂ ಕಡೆಯಿಂದ ಹಿಡಿದುಕೊಂಡಿರುತ್ತವೆ. ನಿನಗೆ ಎರಡೂ ಕಡೆಯ ಹಿಡಿತ ಮುರಿದಿತ್ತು. ಆ ತಾಲಸ್ ಬರೇ 1 ಮಿಲಿಮೀಟರ್ ಹೊರಕ್ಕೆ ಸರಿದರೂ ಕೀಲಿನೊಳಗೆ ಎಲುಬಿಗೆ ಎಲುಬು ತಾಗುವ ಜಾಗ ಸರಾಸರಿ ಶೇ 42ರಷ್ಟು ಕಡಿಮೆಯಾಗುತ್ತದೆ ಎಂದು 1976ರಷ್ಟು ಹಿಂದೆಯೇ ಅಳೆದು ತೋರಿಸಿದ್ದಾರೆ. ರೌಂಡ್ಸಿಗೆ ಬಂದ ಪ್ರೊಫೆಸರರು ವಿದ್ಯಾರ್ಥಿಗಳಿಗೆ ಈ ಲೆಕ್ಕ ಹೇಳುವುದನ್ನು ಕೇಳಿಯೇ ನಾನು ಕಲಿತದ್ದು. ಮೈಯ ಭಾರವೆಲ್ಲ ಉಳಿದ ಸ್ವಲ್ಪ ಜಾಗದ ಮೇಲೆ ಬಿದ್ದರೆ ಕೀಲು ಬೇಗ ಸವೆಯುತ್ತದೆ. ಅದಕ್ಕೇ ಅಷ್ಟು ನಾಜೂಕಾಗಿ ಕೂರಿಸಿ ಪ್ಲೇಟು, ಸ್ಕ್ರೂ ಹಾಕಿದ್ದು. ಈ ಪ್ಲೇಟು ಎಲುಬು ಕೂಡುವ ತನಕ ಅದನ್ನು ಅಲುಗದಂತೆ ಹಿಡಿದಿಡಲಿಕ್ಕೆ ಇರುವುದು, ನಿನ್ನನ್ನು ಹೊತ್ತುಕೊಂಡು ನಡೆಯಲಿಕ್ಕಲ್ಲ. ಕೂಡದ ಎಲುಬಿನ ಮೇಲೆ ದಿನವೂ ಭಾರ ಬಿದ್ದರೆ, ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದ ಹಾಗೆ, ಲೋಹವೂ ದಣಿದು ತುಂಡಾಗುತ್ತದೆ.

ಎಲುಬು ಗಟ್ಟಿಯಾಗಿ ಕೂಡಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಬಾವು ತಿಂಗಳುಗಟ್ಟಲೆ ಇರುತ್ತದೆ, ಸಂಜೆಯ ಹೊತ್ತಿಗೆ ಹೆಚ್ಚುತ್ತದೆ. ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರುಗಾಲಿನಲ್ಲಿ ಕೂರುವುದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಇಂಟರ್ನೆಟ್ಟಿನಲ್ಲಿ ಯಾರೋ ಎರಡನೇ ವಾರವೇ ನಡೆದದ್ದನ್ನು ನೋಡಿದೆ ಎಂದೆಯಲ್ಲ. ಸುಳ್ಳಿರಲಿಕ್ಕಿಲ್ಲ. ಕೆಲವು ಮುರಿತಗಳಿಗೆ ಬೇಗ ಕಾಲೂರಲು ಡಾಕ್ಟರೇ ಬಿಡುತ್ತಾರೆ. ಅದು ಅವರ ಮುರಿತ, ಅವರ ಡಾಕ್ಟರ ಮಾತು. ನಿನಗೆ ಆ ಎರಡು ಎಲುಬುಗಳನ್ನು ಕಟ್ಟಿಹಿಡಿಯುವ ನಾರೂ ಹರಿದಿತ್ತು ಎಂದು ಆಪರೇಷನ್ನಿನ ಕಾಗದದಲ್ಲಿ ಬರೆದಿದ್ದಾರೆ, ಅದನ್ನು ಹಿಡಿದಿಡಲು ಅಡ್ಡವಾಗಿ ಒಂದು ಸ್ಕ್ರೂ ಹಾಕಿದ್ದಾರೆ. ನಿನ್ನ ಆರು ವಾರ ಬಂದದ್ದು ಅಲ್ಲಿಂದ.

ಮುಂಬಯಿಯ ವಾರ್ಡಿನಲ್ಲಿ ನಮ್ಮ ಕಡೆಯ ಹೋಟೆಲ್ ಹುಡುಗರು ಬರುತ್ತಿದ್ದರು. ಕುಂದಾಪುರ, ಕಾರ್ಕಳ, ಬೈಂದೂರು ಕಡೆಯವರು. ಬಸ್ಸಿನಿಂದ ಬಿದ್ದದ್ದು, ಅಡುಗೆಮನೆಯ ಎಣ್ಣೆಯಲ್ಲಿ ಜಾರಿದ್ದು, ಲೋಕಲ್ ಹತ್ತುವಾಗ ಕಾಲು ಸಿಕ್ಕಿದ್ದು. ಕನ್ನಡ ಬಲ್ಲ ಸಿಸ್ಟರ್ ಇದ್ದಾಳೆಂದು ತಿಳಿದರೆ ಇನ್‌ಲ್ಯಾಂಡ್ ಕಾಗದ ಹಿಡಿದು ಕರೆಯುತ್ತಿದ್ದರು. ಕೆಲವರಿಗೆ ಬರೆಯಲು ಬರುತ್ತಿರಲಿಲ್ಲ, ಕೆಲವರಿಗೆ ಕೈಗೂ ಪೆಟ್ಟಾಗಿರುತ್ತಿತ್ತು. ಡ್ಯೂಟಿ ಮುಗಿದ ಮೇಲೆ ಮಂಚದ ಪಕ್ಕ ಕೂತು ಬರೆದುಕೊಡುತ್ತಿದ್ದೆ. ಎಲ್ಲರೂ ಬರೆಸುತ್ತಿದ್ದದ್ದು ಒಂದೇ: ನಾನು ಸೌಖ್ಯ, ಸ್ವಲ್ಪ ಕಾಲು ಉಳುಕಿತ್ತು, ಈಗ ಗುಣವಾಗಿದೆ, ಮುಂದಿನ ತಿಂಗಳು ಹಣ ಕಳಿಸುತ್ತೇನೆ. ಬರೆಯುವವಳು ನಾನು, ಎದುರಿಗೆ ತೊಡೆಯ ತನಕ ಪ್ಲಾಸ್ಟರು.

ಅವರಲ್ಲಿ ಒಬ್ಬನಿಗೆ ನಿನ್ನ ಹಾಗೆಯೇ ಹರಡು ಮುರಿದಿತ್ತು. ಇಪ್ಪತ್ತು ದಾಟಿರಲಿಲ್ಲವೇನೋ. ಉಳುಕಿದ ಕಾಲು ಇಷ್ಟು ದಿನಕ್ಕೂ ಗುಣವಾಗಲಿಲ್ಲವೇ, ತಂಗಿಯ ಮದುವೆಗೆ ಹಣ ಬೇಕಿತ್ತು ಎಂದು ಮನೆಯಿಂದ ಉತ್ತರ ಬಂತು. ಮನೆಯವರು ಕೆಟ್ಟವರಲ್ಲ. ಅವರಿಗೆ ತಿಳಿಸಿದ್ದೇ ಉಳುಕು, ಅವರು ಉಳುಕಿನ ಲೆಕ್ಕದಲ್ಲೇ ಕಾದರು. ಹುಡುಗ ಡಿಸ್ಚಾರ್ಜ್ ಆಗಿ ಹೋದವನು, ಅವಧಿಗೆ ಮುಂಚೆಯೇ ಬಕೆಟ್ಟಿನ ನೀರಿನಲ್ಲಿ ಕಾಲಿಟ್ಟು ಪ್ಲಾಸ್ಟರು ನೆನೆಸಿ ಕಿತ್ತು, ದೋಸೆ ಕಾವಲಿಯ ಮುಂದೆ ದಿನವಿಡೀ ನಿಂತ. ತಿಂಗಳುಗಳ ಮೇಲೆ ಓಪಿಡಿಗೆ ಬಂದಾಗ ಪಾದ ಹೊರಕ್ಕೆ ವಾಲಿತ್ತು, ಎಲುಬು ಓರೆಯಾಗಿ ಕೂಡಿತ್ತು. ನಿನ್ನ ವಿಡಿಯೊ ನೋಡಿದಾಗ ನನಗೆ ನೆನಪಾದದ್ದು ಆ ಹುಡುಗ. ಮನೆಯವರಿಗೆ ನಾವು ಎಂಥ ಸುದ್ದಿ ಕೊಡುತ್ತೇವೋ ಅಂಥದ್ದನ್ನೇ ಅವರು ನಮ್ಮಿಂದ ಮುಂದೆ ನಿರೀಕ್ಷಿಸುತ್ತಾರೆ. ನಿನ್ನೆ ಮೂರು ಹೆಜ್ಜೆ ತೋರಿಸಿದೆ. ನಾಳೆ ಮೆಟ್ಟಿಲು ಹತ್ತಿದೆಯಾ ಎಂದು ಕೇಳುತ್ತಾರೆ, ನಾಡಿದ್ದು ಚೌತಿಗೆ ಊರಿಗೆ ಬರುತ್ತೀಯಲ್ಲ ಎನ್ನುತ್ತಾರೆ. ಆಗ ಇಲ್ಲ ಎನ್ನಲು ನಿನಗೆ ಇನ್ನೂ ಕಷ್ಟ.

ಹಾಗೆಂದು ಬಾಯಿ ಮುಚ್ಚಿ ಕೂರು ಎನ್ನುತ್ತಿಲ್ಲ. ಈಗಿನ ಫೋನು ದೊಡ್ಡ ಉಪಕಾರ. ಆ ಇನ್‌ಲ್ಯಾಂಡ್ ಊರು ಮುಟ್ಟಿ ಉತ್ತರ ಬರುವಷ್ಟರಲ್ಲಿ ಹೊಲಿಗೆಯೇ ಬಿಚ್ಚಿರುತ್ತಿತ್ತು. ನಿನ್ನ ಮುಖವನ್ನು ಅಮ್ಮ ದಿನವೂ ನೋಡುತ್ತಾಳೆ, ಅದಕ್ಕಿಂತ ಏನು ಬೇಕು. ಹೇಳುವ ಕ್ರಮ ಸ್ವಲ್ಪ ಬದಲಿಸು, ಅಷ್ಟೇ. ಅಮ್ಮನೊಂದಿಗೆ ನೀನೇ ಮಾತಾಡು, ದಿನಕ್ಕೊಮ್ಮೆ, ಸಂಜೆ ಒಂದೇ ಹೊತ್ತಿಗೆ. ಉಳಿದ ಗುಂಪಿಗೆ ಹೇಳುವುದನ್ನು ತಮ್ಮನಿಗೆ ವಹಿಸು, ಅವನಿಗೂ ಅಕ್ಕನಿಗಾಗಿ ಏನಾದರೂ ಮಾಡಬೇಕೆಂಬ ಆಸೆ ಇದೆ. ವಾರಕ್ಕೆ ಎರಡು ಸಲ ಅವನು ಹಾಕಲಿ: ಡಾಕ್ಟರು ಏನೆಂದರು, ಮುಂದಿನ ಎಕ್ಸ್‌ರೇ ಯಾವಾಗ, ಮನೆಯಲ್ಲಿ ಸಹಾಯಕ್ಕೆ ಯಾರಿದ್ದಾರೆ. ಯಾವ ದಿನ ಮೆಸೇಜು ಬರಲಿಲ್ಲವೋ ಆ ದಿನ ನಾನು ಮಲಗಿದ್ದೇನೆ ಎಂದು ತಿಳಿಯಿರಿ ಎಂದು ಮೊದಲೇ ಹೇಳಿಬಿಡು. ಅಜ್ಜಿಗೆ ಅಕ್ಷರ ಕಾಣುವುದಿಲ್ಲ, ಅವರಿಗೆ ಧ್ವನಿಯಲ್ಲೇ ಕಳಿಸು. ನಿನ್ನ ದನಿ ಕೇಳಿದರೆ ಅವರಿಗೆ ಅರ್ಧ ಚಿಂತೆ ಹೋಗುತ್ತದೆ.

ರಾತ್ರಿ ಎರಡು ಗಂಟೆಗೆ ನೋವು ತಡೆಯಲಾಗುತ್ತಿಲ್ಲ ಎಂದು ಗುಂಪಿಗೆ ಬರೆದು, ಮಾತ್ರೆ ನುಂಗಿ, ಫೋನು ಕೆಳಗಿಟ್ಟು ಮಲಗಿದ್ದೆಯಲ್ಲ ಆ ದಿನ, ಬೆಳಗಿನ ತನಕ ಅಮ್ಮ ಜಗಲಿಯಲ್ಲಿ ಕೂತಿದ್ದಳು. ಆ ಹೊತ್ತಿಗೆ ನನಗೆ ಫೋನ್ ಮಾಡು. ರಾತ್ರಿ ಪಾಳಿಯಲ್ಲಿ ಎಚ್ಚರವಿದ್ದು ಅಭ್ಯಾಸವಾದವಳು ನಾನು, ನಿನ್ನ ಫೋನು ನನಗೆ ತೊಂದರೆಯೇ ಅಲ್ಲ. ನೋವನ್ನು ಅಮ್ಮನಿಂದ ಮುಚ್ಚಿಡುವುದೂ ಬೇಡ. ನಿನ್ನೆ ರಾತ್ರಿ ನೋವಿತ್ತು, ಮಾತ್ರೆ ತೆಗೆದುಕೊಂಡೆ, ಈಗ ಕಡಿಮೆ ಎಂದು ಸಂಜೆ ಹೇಳಿದರೆ ಅವಳು ತಡೆದುಕೊಳ್ಳುತ್ತಾಳೆ. ನಾವು ಅಂದುಕೊಂಡಷ್ಟು ಮೆತ್ತಗಿನ ಹೆಂಗಸಲ್ಲ ನಿನ್ನ ಅಮ್ಮ.

ಎಕ್ಸ್‌ರೇಯ ಫೋಟೊ ಎಲ್ಲ ಗುಂಪುಗಳಿಗೂ ಹಾಕಬೇಡ. ಅದರ ಮೂಲೆಯಲ್ಲಿ ಹೆಸರು, ವಯಸ್ಸು, ಆಸ್ಪತ್ರೆಯ ನಂಬರು ಇರುತ್ತದೆ. ಅದೂ ಅಲ್ಲದೆ ಫೋಟೊ ಹೋದಲ್ಲೆಲ್ಲ ಸಲಹೆ ಹಿಂದಕ್ಕೆ ಬರುತ್ತದೆ. ಈಗಾಗಲೇ ಒಬ್ಬರು ಆಂಧ್ರದ ಪುತ್ತೂರಿಗೆ ಕರೆದೊಯ್ದು ಕಟ್ಟು ಕಟ್ಟಿಸೋಣ ಎಂದಿದ್ದಾರೆ, ಇನ್ನೊಬ್ಬರು ಎಣ್ಣೆ ಹಾಕಿ ನೀವಲು ಹೇಳಿದ್ದಾರೆ. ಪ್ರೀತಿಯಿಂದಲೇ ಹೇಳಿದ್ದು, ಎದುರು ವಾದಿಸಬೇಡ. ಆದರೆ ಪ್ಲೇಟು ಹಾಕಿದ ಕಾಲನ್ನು ಯಾರ ಕೈಗೂ ಕೊಡಬೇಡ, ಡಾಕ್ಟರು ಕಳಿಸಿದ ಫಿಜಿಯೊಥೆರಪಿಯವರನ್ನು ಬಿಟ್ಟು. ಎಲುಬು ಕೂಡಲೆಂದು ಮಂಗರವಳ್ಳಿ ಬಳ್ಳಿಯ ಚಟ್ನಿ ಮಾಡಿ ತಿನ್ನು ಎಂದು ಅತ್ತೆ ಹೇಳಿದ್ದು ಬೇರೆ ವಿಷಯ. ಡಾಕ್ಟರನ್ನು ಒಂದು ಮಾತು ಕೇಳು, ಬೇಡ ಎನ್ನದಿದ್ದರೆ ಹುಣಿಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿ ತಿನ್ನಬಹುದು. ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ. ಅದನ್ನು ತಿಂದೆನೆಂದು ಆರು ವಾರ ನಾಲ್ಕಾಗುವುದಿಲ್ಲ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೆಳಿಗ್ಗೆ ಅಂಬಲಿ ಕುಡಿ. ಬೂತಾಯಿ ಸಿಕ್ಕರೆ ಮೆತ್ತಗೆ ಬೇಯಿಸಿ ಸಣ್ಣ ಮುಳ್ಳಿನ ಸಮೇತ ತಿನ್ನು. ಎದುರು ಮನೆಯ ಕಾಕು ತಂದುಕೊಡುವ ವರಣ ಭಾತ್, ಅದೇ ತೊವ್ವೆ ಅನ್ನ, ಸಂತೋಷದಿಂದ ಉಣ್ಣು, ಒಂದು ಬೀಗದ ಕೈಯನ್ನೂ ಅವರ ಹತ್ತಿರ ಕೊಟ್ಟಿರು.

ಕೆಲವನ್ನು ಗುಂಪಿನಲ್ಲಿ ಕೇಳಲೇಬಾರದು, ನನ್ನನ್ನೂ ಕೇಳುತ್ತ ಕೂರಬಾರದು. ಮೀನಖಂಡ ಬಾತು ಬಿಸಿಯಾಗಿ ನೋಯತೊಡಗಿದರೆ, ಹೊಲಿಗೆಯ ಜಾಗ ಕೆಂಪಾಗಿ ಸೋರಿದರೆ, ಜ್ವರ ಬಂದರೆ, ಬೆರಳು ಮರಗಟ್ಟಿದರೆ, ಕಾಲು ಎತ್ತಿಟ್ಟರೂ ಬಣ್ಣ ತಿಳಿಯಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿರಬಹುದು. ಆಗ ಮೊದಲು 108, ಆಮೇಲೆ ಕಾಕು, ಆಮೇಲೆ ನಾವು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ಹೇಳಿದಷ್ಟು ದಿನ ಬಿಡದೆ ನುಂಗು.

ಊರುಗೋಲಿನ ಭಾರ ಅಂಗೈ ಮೇಲಿರಲಿ. ಕಂಕುಳಿಗೂ ಅದರ ಮೇಲ್ತುದಿಗೂ ನಡುವೆ ಎರಡು ಮೂರು ಬೆರಳು ಹೋಗುವಷ್ಟು ಜಾಗ ಬೇಕು, ಇಲ್ಲದಿದ್ದರೆ ಅಲ್ಲಿನ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಊರುಗೋಲೂ ನೊಂದ ಕಾಲೂ ಮೊದಲು. ಕೆಳಗಿನ ರಬ್ಬರು ಸವೆದಿದ್ದರೆ ಇವತ್ತೇ ಬದಲಿಸು. ಮಳೆಗಾಲದ ಒದ್ದೆ ನೆಲದಲ್ಲಿ ಎರಡನೇ ಸಲ ಬೀಳುವುದು ಅಲ್ಲಿಂದಲೇ. ಸ್ನಾನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ಮಾಡು. ಮನೆಯಿಂದ ಆಫೀಸಿನ ಕೆಲಸ ಮಾಡುವಾಗ ಕಾಲು ಇಳಿಬಿಟ್ಟು ದಿನವಿಡೀ ಕೂರುತ್ತೀಯ ಎಂದು ತಮ್ಮ ಹೇಳಿದ. ಕಾಲು ಊದಲು ಅದೇ ಕಾರಣ. ನಡುನಡುವೆ ಮಲಗಿ ಕಾಲನ್ನು ದಿಂಬಿನ ಮೇಲೆ ಎದೆಗಿಂತ ಎತ್ತರಕ್ಕೆ ಇಡಬೇಕು. ಅದಕ್ಕೆ ಆಫೀಸಿನವರು ಒಪ್ಪದಿದ್ದರೆ ರಜೆ ತೆಗೆದುಕೋ, ಮಗಾ. ರಜೆ ಇರುವುದು ಇಂಥ ದಿನಕ್ಕೆ.

ಮಲಗಿ ಮಲಗಿ ಬೇಸರ ಎಂದೆ. ಪರ್ಸಿವಲ್ ಪಾಟ್ ಎಂಬ ಲಂಡನ್ನಿನ ಸರ್ಜನ್ನರ ಕಥೆ ವಾರ್ಡಿನಲ್ಲಿ ಹೇಳುತ್ತಿದ್ದರು. ಹರಡಿನ ಒಂದು ಬಗೆಯ ಮುರಿತಕ್ಕೆ ಅವರದೇ ಹೆಸರಿದೆ. 1756ರ ಚಳಿಗಾಲದಲ್ಲಿ ಕುದುರೆಯಿಂದ ಬಿದ್ದು ಅವರದೇ ಕಾಲಿನ ಎಲುಬು ಮುರಿದು ಚರ್ಮ ಹರಿದು ಹೊರಬಂತು. ಗಾಡಿಯ ಕುಲುಕಾಟದಲ್ಲಿ ಹೋದರೆ ಕಾಲು ಕೆಡುತ್ತದೆಂದು ಗೊತ್ತಿದ್ದ ಅವರು, ಒಂದು ಬಾಗಿಲಿನ ಹಲಗೆ ಕೊಂಡು, ಅದಕ್ಕೆ ಗಳ ಹೊಡೆಸಿ ಹೊತ್ತೊಯ್ಯುವ ತನಕ ಆ ಚಳಿಯಲ್ಲಿ ರಸ್ತೆಯ ಮೇಲೆಯೇ ಅಲುಗದೆ ಮಲಗಿದ್ದರು. ಕತ್ತರಿಸಬೇಕೆಂದಿದ್ದ ಕಾಲು ಉಳಿಯಿತು. ಮಂಚದಲ್ಲಿದ್ದ ದಿನಗಳಲ್ಲಿ ಹರ್ನಿಯಾದ ಬಗ್ಗೆ ಪುಸ್ತಕವನ್ನೇ ಬರೆದರು. ನೀನು ಪುಸ್ತಕ ಬರೆಯಬೇಕಿಲ್ಲ. ಕಾಲೇಜಿನಲ್ಲಿ ಬಿಟ್ಟ ಆ ಚಿತ್ರ ಬರೆಯುವುದನ್ನು ಮತ್ತೆ ಹಿಡಿ. ಗುಂಪಿನಲ್ಲಿ ಹಾಕಲೇಬೇಕೆನಿಸಿದರೆ ಆ ಚಿತ್ರ ಹಾಕು, ನಾನೇ ಎಲ್ಲರಿಗಿಂತ ಮೊದಲು ಚಪ್ಪಾಳೆ ಹಾಕುತ್ತೇನೆ.

ಅಮ್ಮನಿಗೆ ಇವತ್ತು ಸಂಜೆ ನೀನೇ ಫೋನ್ ಮಾಡಿ, ನಿನ್ನೆ ನಡೆದದ್ದು ಡಾಕ್ಟರ ಅಪ್ಪಣೆಯಿಲ್ಲದೆ, ಇನ್ನು ಅವರು ಹೇಳುವ ತನಕ ನಡೆಯುವುದಿಲ್ಲ ಎಂದು ಹೇಳು. ಬೈದರೆ ಬೈಸಿಕೋ. ಮುಂದಿನ ಎಕ್ಸ್‌ರೇಯ ದಿನ ನಾನು ಕಲ್ಯಾಣದಿಂದ ಬೆಳಗಿನ ಗಾಡಿ ಹತ್ತಿ ಬರುತ್ತೇನೆ, ಜೊತೆಗೇ ಹೋಗೋಣ. ಹಳೆಯ ಎಕ್ಸ್‌ರೇ, ಆಪರೇಷನ್ನಿನ ಕಾಗದ, ಮಾತ್ರೆಯ ಚೀಟಿ ಒಂದೇ ಚೀಲದಲ್ಲಿ ತೆಗೆದಿಡು. ರಾಗಿ ಹಿಟ್ಟು ನಾನೇ ತರುತ್ತೇನೆ, ಅಲ್ಲಿ ಕೊಳ್ಳಬೇಡ.

ಇತಿ,
ನಿನ್ನ ದೊಡ್ಡಮ್ಮ